ನೀರಿನಿಂದ ಎಷ್ಟು ಅಡಿ ಮೇಲೆ? ಮೊದಲು, ಯಾವ ದಿನದ ನೀರಿನಿಂದ?

ವಿವಿ ಸಾಗರದ (ವಾಣಿವಿಲಾಸ ಸಾಗರ ಜಲಾಶಯ) ಹಿನ್ನೀರಿನ ಪಕ್ಕ ತೋಟ ಇದೆ, ಫೈಬರ್ ದೋಣಿ ತಂದಿದ್ದೀವಿ, ವಯಸ್ಸಾದವರು ಹತ್ತಿ ಇಳಿಯೋಕೆ ಕಲ್ಲಿನ ಕಟ್ಟೆ ಮಾಡಿಸಬೇಕು, ನೀರಿನಿಂದ 2 ಅಡಿ ಎತ್ತರ ಸಾಕಾ 4 ಅಡಿ ಬೇಕಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. 2021ರ ಬೇಸಿಗೆಯಲ್ಲಿ ನಾನು ನಮ್ಮ ಮೇಸ್ತ್ರಿಗೆ ಇದನ್ನೇ ಕೇಳಿದ್ದೆ. "ಮೂರಡಿ ಮಾಡೋಣ ಬಿಡಿ" ಅಂದರು. ಮಾಡಿದೆವು.

ನಮ್ಮದು ಹೊಸದುರ್ಗದ ಕಡೆ. ಆಚೆ ದಡದಲ್ಲಿ ಅಣ್ಣನ ಮನೆ. ರಸ್ತೆಯಲ್ಲಿ ಸುತ್ತಿ ಹೋದರೆ ಮುಕ್ಕಾಲು ಗಂಟೆ, ದೋಣಿಯಲ್ಲಿ ಹತ್ತು ನಿಮಿಷ. ಅಮ್ಮನಿಗೆ ಮಂಡಿ ನೋವು. ಕೆಸರಲ್ಲಿ ಕಾಲಿಟ್ಟು ದೋಣಿ ಹತ್ತೋಕೆ ಆಗುತ್ತಿರಲಿಲ್ಲ. ಅವರಿಗೋಸ್ಕರವೇ ಆ ಕಟ್ಟೆ. ಆರು ಕಾಂಕ್ರೀಟ್ ಕಂಬ, ಮೇಲೆ ಕಲ್ಲು ಚಪ್ಪಡಿ. 62 ಸಾವಿರ ರೂಪಾಯಿ ಆಯಿತು.

ಅವತ್ತು ಮಾಡಿದ ತಪ್ಪು ಒಂದೇ. ಅವತ್ತಿನ ನೀರಿನ ಮೇಲೆ ಟೇಪು ಹಿಡಿದು ಮೂರಡಿ ಅಳೆದೆವು. ಅದಕ್ಕೂ ಮುಂಚೆ ಎಷ್ಟೋ ವರ್ಷ ನೀರು ತೀರಾ ಕೆಳಗಿತ್ತು. ಆ ಅಂಚನ್ನೇ ನೋಡಿ ನೋಡಿ ನಮ್ಮ ಕಣ್ಣಿಗೆ ಅದೇ ದಡ ಆಗಿಬಿಟ್ಟಿತ್ತು. ಅಪ್ಪ ಮೇಲಿದ್ದ ಹುಣಸೆಮರ ತೋರಿಸಿ "ಹಿಂದೆ ಅಲ್ಲೀವರೆಗೂ ಬಂದಿತ್ತು ಕಣೋ" ಅಂದರು. ಈಗೆಲ್ಲಿ ಬರುತ್ತಪ್ಪಾ ಅಂದೆ. ಅಣೆಕಟ್ಟಿನ ನೀರಿನ ಮಟ್ಟ ಪೇಪರಿನಲ್ಲಿ ಬರುತ್ತಿತ್ತು, ಓದುತ್ತಲೂ ಇದ್ದೆ. ಆ ಅಂಕಿಗೂ ನನ್ನ ಕಟ್ಟೆಗೂ ಸಂಬಂಧ ಇದೆ ಅಂತ ಒಂದು ದಿನವೂ ಹೊಳೆಯಲಿಲ್ಲ.

ಸಂಬಂಧ ಏನು ಅಂದರೆ, ನಿಂತ ನೀರು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿ ಇರುತ್ತದೆ. ಅಣೆಕಟ್ಟು ಇರುವ ಮಾರಿಕಣಿವೆಯಲ್ಲಿ ಎಷ್ಟು ಅಡಿ ಅಂತ ಬರೆಯುತ್ತಾರೋ ನಿಮ್ಮ ತೋಟದ ಅಂಚಿನ ನೀರೂ ಅಷ್ಟೇ ಅಡಿಯಲ್ಲಿ ಇದೆ. ಕೋಡಿ ಬೀಳುವ ಮಟ್ಟ 130 ಅಡಿ. ಇವತ್ತು ಪೇಪರಿನಲ್ಲಿ 118 ಅಂತ ಇದ್ದರೆ, ಜಲಾಶಯ ತುಂಬಿದಾಗ ನಿಮ್ಮಲ್ಲಿ ನೀರು ಇವತ್ತಿಗಿಂತ 12 ಅಡಿ ಮೇಲೆ ನಿಲ್ಲುತ್ತದೆ. ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತದಲ್ಲ, ಅದನ್ನು ಹಿಡಿದು ನೀರಿನಂಚಿನಿಂದ ಸ್ವಲ್ಪ ಸ್ವಲ್ಪವೇ ಮೇಲೆ ಬನ್ನಿ. 12 ಅಡಿ ಎಲ್ಲಿ ಮುಟ್ಟುತ್ತದೋ ಅಲ್ಲಿ ಗೂಟ ಹೊಡೆಯಿರಿ. ಗಾಳಿ ಇಲ್ಲದ ದಿನ, ಹೊಳೆ ಜೋರಾಗಿ ಬರದ ದಿನ ಮಾಡಿ. ಅರ್ಧ ದಿನದ ಕೆಲಸ. ನಾನು ಆ ಅರ್ಧ ದಿನ ಉಳಿಸಿದೆ.

ಅದೇ ಮಳೆಗಾಲದಲ್ಲಿ ನೀರು ಏರಿತು. ಮೂರಡಿ ತುಂಬೋಕೆ ಜಾಸ್ತಿ ದಿನ ಬೇಕಾಗಲಿಲ್ಲ. ಒಂದು ಸಂಜೆ ಅಣ್ಣನ ಮಗಳನ್ನು ಕೂರಿಸಿಕೊಂಡು ಈಚೆ ಬರುತ್ತಿದ್ದೆ. ಕಟ್ಟೆ ಮುಳುಗಿದ್ದು ಗೊತ್ತಿತ್ತು, ಆದರೆ ಕೆಂಪು ನೀರಿನಲ್ಲಿ ಅದು ಎಲ್ಲಿದೆ ಅಂತ ಕಾಣಲಿಲ್ಲ. ಚಪ್ಪಡಿಯ ಮೂಲೆ ದೋಣಿಯ ತಳ ಸೀಳಿತು. ನೀರು ನುಗ್ಗಿತು. ಮಗುವನ್ನು ಎತ್ತಿಕೊಂಡು ಇಳಿದೆ. ಕಾಲಿಗೆ ಸಿಕ್ಕಿದ್ದು ಅದೇ ಚಪ್ಪಡಿ. ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗಿದೆವು. ಪಕ್ಕದ ತೋಟದವರು ಟ್ಯೂಬು ಎಸೆದರು. ಅವಳಿಗಾಗ ಏಳು ವರ್ಷ. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ನೀವು ಕಟ್ಟೆಗಿಂತ ಮೊದಲು ಅದನ್ನು ತನ್ನಿ.

ಮುಂದಿನ ವರ್ಷ, 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಆದಮೇಲೆ ಕೋಡಿ ಬಿತ್ತು. ನೀರು ಅಪ್ಪನ ಹುಣಸೆಮರವನ್ನೂ ದಾಟಿತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಈಗ ಭದ್ರಾ ನೀರೂ ಬರುತ್ತದೆ, ಹಾಗಾಗಿ ಹಳೇ ಬರಗಾಲದ ಲೆಕ್ಕ ಇಟ್ಟುಕೊಳ್ಳಬೇಡಿ. 130 ಅಂದರೆ ಅದೇ ಕೊನೆ ಅಂತಲೂ ಅಲ್ಲ. ಕೋಡಿ ಮೇಲೆ ನೀರು ಹರಿಯುವಾಗ ಮಟ್ಟ ಇನ್ನೂ ಏರುತ್ತದೆ. 1933ರಲ್ಲಿ 135 ಅಡಿ ದಾಟಿತ್ತು.

ಅದಕ್ಕೇ ನಾನು 2 ಅಡಿ ಅಂತಲೂ ಹೇಳಲ್ಲ, 4 ಅಡಿ ಅಂತಲೂ ಹೇಳಲ್ಲ. ಇಲ್ಲಿ ಕಲ್ಲಿನ ಕಟ್ಟೆಯೇ ಬೇಡ. ಮೇಲಿನ ಗೂಟದ ಹತ್ತಿರ ಕಟ್ಟಿದರೆ ಬೇಸಿಗೆಯಲ್ಲಿ ಅದು ಒಣ ನೆಲದಲ್ಲಿ ನಿಲ್ಲುತ್ತದೆ. ನಮ್ಮ ಕಡೆ ದಡ ಇಳಿಜಾರು ಕಡಿಮೆ. 20 ಅಡಿ ನಡೆದರೆ ಒಂದಡಿ ಇಳಿಯುತ್ತದೆ ಅಂದುಕೊಳ್ಳಿ. ನೀರು 10 ಅಡಿ ಇಳಿದರೆ ಅಂಚು 200 ಅಡಿ ದೂರ ಹೋಯಿತು. ಕೆಳಗೆ ಕಟ್ಟಿದರೆ ನನ್ನದೇ ಕತೆ. ವರ್ಷವಿಡೀ ನೀರು ಒಂದೆರಡು ಅಡಿಯೊಳಗೇ ಏರಿಳಿಯುವ ಊರ ಕೆರೆ ಆಗಿದ್ದರೆ ಕೋಡಿ ಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ಧಾರಾಳವಾಗಿ ಕಟ್ಟಿ ಅನ್ನುತ್ತಿದ್ದೆ.

ತೇಲುವುದನ್ನು ಮಾಡಿ. ನಮ್ಮದು ಈಗ 200 ಲೀಟರಿನ ಎಂಟು ಪ್ಲಾಸ್ಟಿಕ್ ಡ್ರಮ್ಮು, ಅಡ್ಡ ಮಲಗಿಸಿ ಮರದ ಚೌಕಟ್ಟಿಗೆ ಕಟ್ಟಿದ್ದೀವಿ. ಮುಚ್ಚಳ ಮೇಲ್ಭಾಗಕ್ಕೆ ಬರುವ ಹಾಗೆ, ಗಟ್ಟಿಯಾಗಿ ಬಿಗಿದು. ಒಂದು ಡ್ರಮ್ಮು ಪೂರ್ತಿ ಮುಳುಗಿದರೆ 200 ಕೆಜಿ ಎತ್ತಿ ಹಿಡಿಯುತ್ತದೆ, ಎಂಟಕ್ಕೆ 1600. ಡ್ರಮ್ಮಿನ ತೂಕ, ಚೌಕಟ್ಟು, ಹಲಗೆ, ನಾಲ್ಕೈದು ಜನ ಎಲ್ಲ ಸೇರಿ 800 ಕೆಜಿಯೊಳಗೆ ಇಟ್ಟುಕೊಂಡರೆ ಡ್ರಮ್ಮು ಅರ್ಧಕ್ಕಿಂತ ಜಾಸ್ತಿ ಮುಳುಗಲ್ಲ. ಆಗ ಹಲಗೆ ನೀರಿನಿಂದ ಒಂದೂಕಾಲು, ಒಂದೂವರೆ ಅಡಿ ಮೇಲಿರುತ್ತದೆ. ನಮ್ಮ ದೋಣಿಯ ಅಂಚೂ ಸುಮಾರು ಅಷ್ಟೇ ಇದೆ. ನೀವು ಎತ್ತರ ನೋಡಬೇಕಾದ್ದು ಇಲ್ಲಿ, ಹಲಗೆಗೂ ದೋಣಿ ಅಂಚಿಗೂ ನಡುವೆ. ಅರ್ಧ ಅಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಂಡಿ ನೋವಿನವರಿಗೆ ಕಷ್ಟ. ನೀರು ಏರಲಿ ಇಳಿಯಲಿ, ಎರಡೂ ಜೊತೆಗೇ ಏರಿ ಇಳಿಯುತ್ತವೆ.

ನಾಲ್ಕು ಮೂಲೆಗೂ ಹಗ್ಗ ಕಟ್ಟಿ ಭಾರದ ಕಲ್ಲು ಬಿಡಿ. ಹಗ್ಗ ಬಿಗಿಯಾಗಿದ್ದರೆ ನೀರು ಏರಿದಾಗ ಒಂದು ಮೂಲೆ ಒಳಗೆ ಎಳೆಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ಸಡಿಲ ಮಾಡಬೇಕು ಇಲ್ಲವೇ ಎಳೆದುಕೊಳ್ಳಬೇಕು. ದಡದಿಂದ ಹಲಗೆಗೆ ಹೋಗೋಕೆ ಕೈಹಿಡಿ ಇರುವ ಅಗಲ ಏಣಿಹಲಗೆ ಇಡಿ. ನೀರು ಹಿಂದೆ ಸರಿದ ಹಾಗೆ ಎಲ್ಲವನ್ನೂ ಸರಿಸಿಕೊಂಡು ಹೋಗಬೇಕು, ಇಬ್ಬರು ಬೇಕು. ಹಾಗೇ, ನೀರು ನಿಲ್ಲುವ ಜಾಗ ನಮ್ಮ ಪಹಣಿಯದ್ದಲ್ಲ. ಡ್ರಮ್ಮು ತರುವ ಮುಂಚೆ ನೀರಾವರಿ ಕಚೇರಿಗೆ ಒಂದು ಅರ್ಜಿ ಕೊಡಿ.

ಅಮ್ಮ ಈಗ ನನ್ನ ಭುಜ ಹಿಡಿದು ತಾವೇ ದೋಣಿ ಹತ್ತುತ್ತಾರೆ. ನಿಮ್ಮ ಅಂಚಿನ ಫೋಟೊ ಮತ್ತು ಅವತ್ತಿನ ಮಟ್ಟ ಹಾಕಿ, ಕೋಡಿ ಗೂಟ ಎಷ್ಟು ಮೇಲೆ ಬರುತ್ತದೆ ಅಂತ ಲೆಕ್ಕ ಮಾಡಿ ಹೇಳುತ್ತೇನೆ.