ಡಿಓ ಕಾಲೇಜಿಗೆ ಅರ್ಜಿ: ರೊಟೇಶನ್ ಬಗ್ಗೆ ಕೇಳಲೇಬೇಕಾದ್ದು

ರೊಟೇಶನ್ (ವಿದ್ಯಾರ್ಥಿಗಳು ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ಪಡೆಯುವ ತರಬೇತಿ) ಕೊಡುತ್ತಿದ್ದ ಆಸ್ಪತ್ರೆ ಮುಚ್ಚುತ್ತಿದೆಯಂತೆ, ಆ ಡಿಓ (ಅಮೆರಿಕದ ಆಸ್ಟಿಯೋಪಥಿಕ್ ವೈದ್ಯ ಪದವಿ) ಕಾಲೇಜಿಗೆ ಅರ್ಜಿ ಹಾಕಬಹುದಾ ಎಂದು ಕೇಳಿದ್ದೀರಿ. ಹಾಕಿ. ಆದರೆ ಸೀಟು ಸಿಕ್ಕಿ ಡೆಪಾಸಿಟ್ ಕಟ್ಟುವ ಮುಂಚೆ ಉತ್ತರಗಳನ್ನು ಬರಹದಲ್ಲಿ ಪಡೆಯಿರಿ.

ಅಮೆರಿಕದ ಬಹುತೇಕ ಡಿಓ ಕಾಲೇಜುಗಳಿಗೆ ಸ್ವಂತ ಆಸ್ಪತ್ರೆ ಇರುವುದಿಲ್ಲ, ಎಲ್ಲವೂ ಒಪ್ಪಂದದ ಮೇಲೆ ನಡೆಯುತ್ತದೆ. ಎಂಡಿ (ಅಲ್ಲಿನ ಇನ್ನೊಂದು ವೈದ್ಯ ಪದವಿ) ಕಾಲೇಜುಗಳಿಗೂ ಈ ಅಪಾಯ ತಪ್ಪಿದ್ದಲ್ಲ: 2019ರಲ್ಲಿ ಫಿಲಡೆಲ್ಫಿಯಾದ ಹಾನಿಮನ್ ಆಸ್ಪತ್ರೆ ಮುಚ್ಚಿದಾಗ ಅಲ್ಲಿ ಕಲಿಯುತ್ತಿದ್ದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳು ಬೇರೆಡೆಗೆ ಹೋಗಬೇಕಾಯಿತು.

ಮೊದಲು ಡಿಓ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯಾದ ಕೋಕಾ (COCA) ಜಾಲತಾಣದಲ್ಲಿ ಕಾಲೇಜಿನ ಮಾನ್ಯತೆಯ ಸ್ಥಿತಿ ನೋಡಿ. 'ವಾರ್ನಿಂಗ್', 'ಪ್ರೊಬೇಶನ್' ಎಂದಿದ್ದರೆ ಕಾರಣ ಕೇಳಿ. ಆಮೇಲೆ ಕಾಲೇಜಿಗೆ ಕೇಳಿ: ಮುಚ್ಚುವ ಆಸ್ಪತ್ರೆಯಲ್ಲಿ ಎಷ್ಟು ಮಂದಿಗೆ ಜಾಗವಿತ್ತು, ಬದಲಿಗೆ ಎಲ್ಲಿ ಸಹಿಯಾದ ಒಪ್ಪಂದವಿದೆ? 'ಮಾತುಕತೆ ನಡೆಯುತ್ತಿದೆ' ಎನ್ನುವುದನ್ನು ಜಾಗ ಎಂದು ಎಣಿಸಬೇಡಿ. ಇಂಟರ್ನಲ್ ಮೆಡಿಸಿನ್, ಸರ್ಜರಿ ರೊಟೇಶನ್ ವಾರ್ಡಿನಲ್ಲೋ, ಬರೀ ಕ್ಲಿನಿಕ್ಕಿನಲ್ಲೋ? ಜೊತೆಗೆ ರೆಸಿಡೆಂಟ್‌ಗಳು (ಪದವಿ ಮುಗಿಸಿ ತರಬೇತಿಯಲ್ಲಿರುವ ವೈದ್ಯರು) ಇರುತ್ತಾರಾ? ಕೋರ್ (ಕಡ್ಡಾಯ) ರೊಟೇಶನ್ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಾ? ಹೌದು ಎಂದರೆ ಆ ಕಾಲೇಜನ್ನು ಪಟ್ಟಿಯ ಕೊನೆಗೆ ತಳ್ಳಿ. ಊರು ಬದಲಾದರೆ ಬಾಡಿಗೆ ಯಾರದು ಎನ್ನುವುದನ್ನೂ ಬಿಡಬೇಡಿ.

ನಿಜವಾದ ಪೆಟ್ಟು ಬೀಳುವುದು ಮೂರನೇ ವರ್ಷದ ರೊಟೇಶನ್ ತಡವಾದಾಗ. ಡಿಓ ವಿದ್ಯಾರ್ಥಿಗಳ ಲೈಸೆನ್ಸ್ ಪರೀಕ್ಷೆಯಾದ ಕಾಮ್ಲೆಕ್ಸ್‌ನ ಲೆವೆಲ್ 1 ಈಗ ಬರೀ ಪಾಸ್-ಫೇಲ್, ಹಾಗಾಗಿ ಲೆವೆಲ್ 2ರ ಅಂಕಕ್ಕೆ ತೂಕ ಹೆಚ್ಚು. ರೊಟೇಶನ್ ಹಿಂದೆ ಬಿದ್ದರೆ ಆ ಪರೀಕ್ಷೆಯ ತಯಾರಿ, ಶಿಫಾರಸು ಪತ್ರ ಎರಡೂ ತಡವಾಗಿ, ಸೆಪ್ಟೆಂಬರಿನ ರೆಸಿಡೆನ್ಸಿ (ಪದವಿಯ ನಂತರದ ತರಬೇತಿ) ಅರ್ಜಿ ಸೊರಗುತ್ತದೆ.

ಕಾಲೇಜಿನವರ ಜೊತೆಗೆ ಈಗಿನ ಮೂರು, ನಾಲ್ಕನೇ ವರ್ಷದವರನ್ನೂ ವಿಚಾರಿಸಿ. ಮೊದಲ ವರ್ಷದವರಿಗೆ ಇದು ಗೊತ್ತಿರುವುದು ಕಡಿಮೆ.