ತೆರಿಗೆ ಪ್ರಶ್ನೋತ್ತರ: ದುಡಿಮೆಗೊಂದು ದರ, ಷೇರಿಗೊಂದು ದರ

ಪ್ರಶ್ನೆ: ನನ್ನ ಸಂಬಳ ವರ್ಷಕ್ಕೆ 30 ಲಕ್ಷ. ಷೇರು ಮಾರಿ ಕೋಟಿಗಟ್ಟಲೆ ಗಳಿಸುವವರಿಗೂ ನನಗಿಂತ ಕಡಿಮೆ ದರದ ತೆರಿಗೆ ಎಂದು ಸಹೋದ್ಯೋಗಿ ವಾದಿಸುತ್ತಾರೆ. ಅವರಿಗೆ ಸರ್‌ಚಾರ್ಜ್ (ದೊಡ್ಡ ಆದಾಯದವರ ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ) ಬೇರೆ ಇದೆಯಲ್ಲ?
— ಓದುಗರು, ಮೈಸೂರು

ಉತ್ತರ: ಸಹೋದ್ಯೋಗಿ ಹೇಳಿದ್ದು ಸರಿ. 2025-26ರ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕೋಣ. ನಿಮ್ಮ 30 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 29.25 ಲಕ್ಷ. ಮೊದಲ 24 ಲಕ್ಷಕ್ಕೆ ಸ್ಲ್ಯಾಬ್ (ಆದಾಯದ ಹಂತಕ್ಕೆ ತಕ್ಕ ದರ) ಪ್ರಕಾರ 3 ಲಕ್ಷ, ಉಳಿದ 5.25 ಲಕ್ಷಕ್ಕೆ 30%. ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿ 4,75,800 ರೂ. ಅಂದರೆ 15.9%.

ಈಗ ಬೇರಾವ ಆದಾಯವೂ ಇಲ್ಲದೆ, ವರ್ಷಕ್ಕೂ ಹೆಚ್ಚು ಕಾಲ ಇಟ್ಟಿದ್ದ ಲಿಸ್ಟೆಡ್ (ಷೇರುಪೇಟೆಯಲ್ಲಿ ವಹಿವಾಟಾಗುವ) ಷೇರು ಮಾರಿ 5 ಕೋಟಿ ಲಾಭ ಮಾಡಿದವರನ್ನು ನೋಡಿ. ಅವರ ದರ 12.5%. ಸರ್‌ಚಾರ್ಜ್ ಇದೆ, ಆದರೆ ಈ ಲಾಭದ ಮೇಲೆ ಅದು 15% ದಾಟುವಂತಿಲ್ಲ. ಸೆಸ್ ಸೇರಿಸಿದರೂ ಕಟ್ಟುವುದು ಸುಮಾರು 74 ಲಕ್ಷ, 14.8%. ಅದೇ 5 ಕೋಟಿ ಸಂಬಳವಾಗಿ ಬಂದಿದ್ದರೆ ಸರ್‌ಚಾರ್ಜ್ 25%, ತೆರಿಗೆ ಸುಮಾರು 1.89 ಕೋಟಿ. ಹಾಗೆಂದು ಎಲ್ಲ ಸಂಬಳದಾರರೂ ನಿಮ್ಮ ಸಾಲಿಗೆ ಬರುವುದಿಲ್ಲ. 20 ಲಕ್ಷದವರ ದರ 9.6%, 12.75 ಲಕ್ಷದವರೆಗೆ ಸೊನ್ನೆ.

ಕಂಪನಿ ತನ್ನ ಲಾಭಕ್ಕೆ ಮೊದಲೇ ತೆರಿಗೆ ಕಟ್ಟಿರುತ್ತದೆ, ಷೇರುದಾರರಿಗೆ ಮತ್ತೆ ಪೂರ್ತಿ ಹೇರಬಾರದು ಎಂಬುದು ಕಡಿಮೆ ದರದ ಪರವಾದ ವಾದ. ವಾದದಲ್ಲಿ ಹುರುಳಿದೆ. ಆದರೆ ಷೇರಿನ ಬೆಲೆ ಏರುವುದು ಕಂಪನಿ ಆಗಲೇ ತೆರಿಗೆ ಕಟ್ಟಿದ ಲಾಭದಿಂದಷ್ಟೇ ಅಲ್ಲ, ಮುಂದೆ ಬರಬಹುದಾದ ಲಾಭದ ನಿರೀಕ್ಷೆಯಿಂದಲೂ.

ದರಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ನಿಮ್ಮ ತೆರಿಗೆ ಸಂಬಳ ಕೈಗೆ ಬರುವ ಮುಂಚೆಯೇ ಟಿಡಿಎಸ್ ಆಗಿ ಹೋಗುತ್ತದೆ. ಷೇರಿನ ಮೌಲ್ಯ 100 ಕೋಟಿಯಿಂದ 115 ಕೋಟಿಗೆ ಏರಿದರೂ ಮಾರುವ ತನಕ ಆ 15 ಕೋಟಿಗೆ ಬಿಡಿಗಾಸೂ ತೆರಿಗೆಯಿಲ್ಲ. ಕಂಪನಿ ಷೇರುದಾರರಿಗೆ ಹಂಚುವ ಲಾಭಕ್ಕೆ, ಅಂದರೆ ಡಿವಿಡೆಂಡ್‌ಗೆ ಮಾತ್ರ 2020ರ ಏಪ್ರಿಲ್‌ನಿಂದ ಸ್ಲ್ಯಾಬ್ ದರ ಬಂದಿದೆ. ಖರ್ಚಿಗೆ ಹಣ ಬೇಕಾದರೆ ಷೇರು ಅಡವಿಟ್ಟು ಸಾಲ ಎತ್ತಬಹುದು. ಸಾಲ ಆದಾಯವಲ್ಲ, ಕಟ್ಟಬೇಕಾದದ್ದು ಬಡ್ಡಿ ಮಾತ್ರ. ಮಕ್ಕಳಿಗೆ ಬಿಟ್ಟುಹೋದರೆ ಆಗಲೂ ತೆರಿಗೆಯಿಲ್ಲ: ಎಸ್ಟೇಟ್ ಡ್ಯೂಟಿ (ಸತ್ತವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ಹೋಯಿತು, ಸಂಪತ್ತು ತೆರಿಗೆ 2015ರ ಬಜೆಟ್‌ನಲ್ಲಿ. ಮಕ್ಕಳು ಮಾರಿದಾಗ ಮಾತ್ರ ತಂದೆ ಕೊಂಡ ಬೆಲೆಯಿಂದಲೇ ಲಾಭ ಎಣಿಸಬೇಕು.

ಪ್ರಶ್ನೆ: ಡಿಡಕ್ಷನ್ ಕಳೆದು ಸಂಬಳ 9 ಲಕ್ಷ, ಈಕ್ವಿಟಿ ಮ್ಯೂಚುವಲ್ ಫಂಡ್ ಮಾರಿದ ದೀರ್ಘಾವಧಿ ಲಾಭ 2.25 ಲಕ್ಷ. 12 ಲಕ್ಷ ದಾಟಿಲ್ಲ, ಆದರೂ ರಿಟರ್ನ್‌ನಲ್ಲಿ 13,000 ರೂ. ತೆರಿಗೆ ತೋರಿಸುತ್ತಿದೆ. ತಪ್ಪಾಗಿದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪಿಲ್ಲ. 12 ಲಕ್ಷದವರೆಗಿನ ರಿಬೇಟ್ (ತೆರಿಗೆ ಮನ್ನಾ) ಸ್ಲ್ಯಾಬ್ ದರದ ತೆರಿಗೆಗೆ ಮಾತ್ರ. ಸಂಬಳದ 30,000 ತೆರಿಗೆ ಮನ್ನಾ ಆಯಿತು. ಲಾಭದಲ್ಲಿ ವರ್ಷಕ್ಕೆ ತೆರಿಗೆಯಿಲ್ಲದ 1.25 ಲಕ್ಷ ಬಿಟ್ಟು ಉಳಿದ 1 ಲಕ್ಷಕ್ಕೆ 12,500, ಸೆಸ್ 500. ದೊಡ್ಡವರಿಗೆ ವರವಾದ ವಿಶೇಷ ದರವೇ ಇಲ್ಲಿ ನಿಮಗೆ ಹೊರೆ. ಮಾರ್ಚ್ 31ರೊಳಗೆ 1.25 ಲಕ್ಷ ಲಾಭದಷ್ಟು ಯುನಿಟ್ ಮಾರಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಮಾರಿದ್ದರೆ ತೆರಿಗೆಯೇ ಬರುತ್ತಿರಲಿಲ್ಲ.

ಎಸ್‌ಐಪಿ (ತಿಂಗಳ ಕಂತಿನಲ್ಲಿ ಫಂಡ್ ಕೊಳ್ಳುವುದು) ಆಗಿದ್ದರೆ ಪ್ರತಿ ಕಂತಿಗೂ ಅದರದೇ ದಿನಾಂಕ. 2024ರ ಏಪ್ರಿಲ್ 5ಕ್ಕೆ ಶುರು ಮಾಡಿ 2025ರ ಏಪ್ರಿಲ್ 10ರಂದು ಎಲ್ಲವನ್ನೂ ಮಾರಿದರೆ ವರ್ಷ ದಾಟಿದ ಮೊದಲ ಕಂತೊಂದೇ ದೀರ್ಘಾವಧಿ, ಉಳಿದವುಗಳ ಲಾಭಕ್ಕೆ 20%. ಹೆಂಡತಿಯ ಹೆಸರಿಗೆ ವರ್ಗಾಯಿಸಿ ಮಾರುವ ಯೋಚನೆಯನ್ನೂ ಬಿಡಿ, ಆ ಲಾಭ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.