ಹಗ್ಗದ ಆ ಕಡೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಕಸುಬು ಮತ್ತು ಮನೆತನದ ವಿವರಗಳನ್ನು ಬದಲಿಸಿದೆ.)

ಮೈಸೂರಿನಲ್ಲಿ ನೆಲೆಸಿರುವ 46 ವರ್ಷದ ಮಹಿಳೆ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ತವರು ಮಂಡ್ಯದ ಹತ್ತಿರದ ಹಳ್ಳಿ. ಬಂದಾಗ ಹೇಳಿಕೊಂಡಿದ್ದು ನಿದ್ದೆಯ ತೊಂದರೆಯನ್ನು: ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಐದು ವಾರದಿಂದ ತವರಿಗೆ ಫೋನ್ ಮಾಡಿಲ್ಲ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬಂದಿದ್ದಾರೆ. ಏನಾಯಿತು ಎಂದರೆ, "ಎಲ್ಲಾ ಸೇರಿ ರೆಸಾರ್ಟ್‌ಗೆ ಹೋಗಿದ್ವಿ, ಅಷ್ಟೇಯ" ಎಂದರು.

ಶ್ರೀರಂಗಪಟ್ಟಣದ ಕಡೆ ಕಾವೇರಿ ದಂಡೆಯ ಹಳೇ ಕಾಲದ ರೆಸಾರ್ಟ್ ಅದು. ಹೆಂಚಿನ ಕಾಟೇಜುಗಳು, ಪೌಡರ್ ಉದುರಿಸಿದ ಕೇರಂ ಬೋರ್ಡು, ಗೋಣಿಚೀಲದ ಓಟ, ಹಗ್ಗದ ಸೇತುವೆ, ಹರಿಗೋಲು, ಸಂಜೆಗೆ ಕ್ಯಾಂಪ್‌ಫೈರ್. ಬೇಸಿಗೆ ರಜೆಯ ಒಂದು ಶನಿವಾರ ಮಧ್ಯಾಹ್ನದಿಂದ ಭಾನುವಾರ ಬೆಳಿಗ್ಗೆಯವರೆಗೆ 17 ಜನ. ಊರಿನಲ್ಲಿ ಕಬ್ಬು ಬೆಳೆಯುವ ಅಣ್ಣನ ಸಂಸಾರ, ಬೆಂಗಳೂರಿನ ತಮ್ಮನದು, ಇವರದು, ಮತ್ತು 76 ವರ್ಷದ ಅವ್ವ. ಏರ್ಪಾಡೆಲ್ಲ ತಮ್ಮನದೇ.

ಮೊದಲ ಪೆಟ್ಟು ರೂಮಿನದು. ಅವ್ವನಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಆದರೂ ಮೇಲಿನ ಕಾಟೇಜಿನಲ್ಲಿ, ಮಗಳ ರೂಮಿನಲ್ಲೇ ಎಕ್ಸ್‌ಟ್ರಾ ಹಾಸಿಗೆ. ಯಾರೂ ಮಗಳನ್ನು ಕೇಳಿರಲಿಲ್ಲ. "ನೀನಿದ್ದೀಯಲ್ಲ" ಎಂದಿದ್ದರು, ಮುಗಿಯಿತು. ರಾತ್ರಿ ಅವ್ವ ಎಂದಿನ ಹೊತ್ತಿಗೆ ಮಾತ್ರೆ ನುಂಗಿದರು. ಕ್ಯಾಂಪ್‌ಫೈರ್ ಮುಗಿಯಲಿ ಎಂದು ಊಟವನ್ನು ಒಂಬತ್ತೂವರೆಗೆ ತಳ್ಳಿದ್ದರು. ಒಂಬತ್ತಕ್ಕೆ ಅವ್ವನಿಗೆ ಕೈ ನಡುಕ, ಮೈಯೆಲ್ಲ ಬೆವರು. ಮಾತ್ರೆ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಇಳಿಯುವುದು ಹೀಗೆಯೇ. ಹಾಡಿನ ಮಧ್ಯೆ ಎದ್ದು ಅಡುಗೆಮನೆಗೆ ಓಡಿ, ಸಕ್ಕರೆ ನೀರು ಕುಡಿಸಿ, ಬಿಸ್ಕತ್ತು ತಿನ್ನಿಸಿದ್ದು ಮಗಳು.

ಎರಡನೆಯದನ್ನು ಹೇಳುವಾಗ ದನಿ ತಗ್ಗಿತು. ಹಗ್ಗಜಗ್ಗಾಟಕ್ಕೆ ಆಟ ಆಡಿಸುವ ಹುಡುಗ "ಮನೆಯವರು ಈ ಕಡೆ, ಬಂದವರು ಆ ಕಡೆ" ಎಂದು ತಂಡ ಮಾಡಿದ. ಇವರು ಅಣ್ಣನ ಹಿಂದೆ ಹಗ್ಗ ಹಿಡಿದರು. ಅಣ್ಣ ನಗುತ್ತಲೇ ಕೈ ಹಿಡಿದು ಸರಿಸಿ, "ನೀನು ಕೊಟ್ಟ್ ಹೆಣ್ಣು ಕಣವ್ವ, ಆ ಕಡೀಕ್ ಹೋಗು" ಎಂದ. ಎಲ್ಲರೂ ನಕ್ಕರು, ಇವರೂ ನಕ್ಕರು.

ಮೂರನೆಯದು ಬಿಲ್ಲು. ದೊಡ್ಡವರಿಗೆ ₹3,200, ಮಕ್ಕಳಿಗೆ ಅರ್ಧ. 12 ದೊಡ್ಡವರು, 5 ಮಕ್ಕಳು, ಒಟ್ಟು ₹46,400. "ಮೂರು ಪಾಲು ಮಾಡ್ಬುಡಿ" ಎಂದ ಅಣ್ಣ. ಇವರ ತಲೆಗೆ ₹15,467 ಬಂತು.

ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದವರು, "ಬಿಲ್ಲಿಗೆ ಮೂರು ಪಾಲು, ಜಮೀನಿಗೆ ಎರಡು" ಎಂದರು. 2016ರಲ್ಲಿ, ಅಪ್ಪ ತೀರಿಕೊಂಡ ಮೇಲೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಇವರಿಂದ ಸಹಿ ಹಾಕಿಸಿಕೊಂಡಿದ್ದರು.

ಇಲ್ಲಿ ಸಲಹೆಗಾರರು ಎಡವುವುದು ಸುಲಭ. 'ಮೂಲ ಸಿಕ್ಕಿತು, ಜಮೀನೇ ಮೂಲ' ಎಂದು ಅದಕ್ಕೇ ಕೈ ಹಾಕಿದರೆ ರೆಸಾರ್ಟಿನ ನೋವು ನೆಪವಾಗಿಬಿಡುತ್ತದೆ. "ಪಾಲಿಗೋಸ್ಕರ ಇದೆಲ್ಲ ಎತ್ತುತ್ತಾಳೆ" ಎಂಬ ಮಾತಿಗೆ ಅಣ್ಣತಮ್ಮಂದಿರು ಹೇಗೂ ಕಾದಿರುತ್ತಾರೆ. ಹಾಗಾಗಿ ಚಿಕ್ಕದನ್ನು ಮೊದಲು ಇತ್ಯರ್ಥ ಮಾಡುವುದು, ಜಮೀನನ್ನು ಬೇರೆ ಕಡತದಲ್ಲಿ ಇಡುವುದು ಎಂದು ಒಪ್ಪಿಕೊಂಡೆವು.

ನಿದ್ದೆಗೆ: ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟೇಳಿ, ಮಂದ ಬೆಳಕಿನಲ್ಲಿ ಕೂರಿ, ಹಳೇ ಮೆಸೇಜು ತೆಗೆದು ಓದಬೇಡಿ. ಹಸಿವು, ಕೆಲಸದ ಆಸಕ್ತಿ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ಕೇಳಲಾಯಿತು. ಮನೋವೈದ್ಯರಿಗೆ ಕಳಿಸುವ ಸೂಚನೆ ಕಾಣಲಿಲ್ಲ.

ಹಣದ ಲೆಕ್ಕವನ್ನು ಕಾಗದದ ಮೇಲೆ ಅವರ ಕೈಯಲ್ಲೇ ಬರೆಸಿದೆವು. ದೊಡ್ಡವರು ಒಂದು ತಲೆ, ಮಗು ಅರ್ಧ ತಲೆ, ಅವ್ವನ ಖರ್ಚು ಮೂವರಿಗೂ ಸಮ. ಅಣ್ಣನ ಸಂಸಾರ 7 ತಲೆ, ತಮ್ಮನದು 4, ಇವರದು ಎರಡೂವರೆ. ಆ ಲೆಕ್ಕದಲ್ಲಿ ಅಣ್ಣ ₹23,467, ತಮ್ಮ ₹13,867, ಇವರು ₹9,067 ಕೊಡಬೇಕಿತ್ತು. ಅಂದರೆ ಇವರಿಂದ ಹೋದ ಹೆಚ್ಚುವರಿ ₹6,400. ಅಂಕಿ ಕಣ್ಣೆದುರು ಬಂದಾಗ ಅವರ ಮುಖ ಸಡಿಲವಾಯಿತು. 'ನಾನು ಜಿಪುಣಿಯೇನೋ' ಎಂಬ ಅನುಮಾನವೂ ಒಳಗೆ ಕೊರೆಯುತ್ತಿತ್ತಂತೆ. ಈ ಹಣವನ್ನು ಕೈಗೆ ವಾಪಸ್ ಕೇಳಿದರೆ ನಮ್ಮ ಕಡೆ ಅದು ಮುಖಕ್ಕೆ ಹೊಡೆದಂತೆ. ನುಂಗಿಕೊಂಡರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಅವ್ವನ ಮಂಡಿ ಚಿಕಿತ್ಸೆಯ ಮುಂದಿನ ಖರ್ಚಿನಲ್ಲಿ ಮುರಿದುಕೊಳ್ಳುವುದು ನಡುವಿನ ದಾರಿ.

ಮಾತಿನ ಕ್ರಮ ಹೀಗಿತ್ತು. ವಾಟ್ಸ್‌ಆ್ಯಪ್ ಗುಂಪಿಗೆ ಮತ್ತೆ ಸೇರಿ ಒಂದಕ್ಷರ ಬರೆಯಬೇಡಿ. ಅಲ್ಲಿ ಎಲ್ಲರೂ ನೋಡುವಾಗ ಯಾರೂ ತಪ್ಪು ಒಪ್ಪುವುದಿಲ್ಲ. ಮೊದಲು ತಮ್ಮನಿಗೆ ಫೋನ್, ರೂಮು ಮತ್ತು ಊಟದ ಹೊತ್ತಿನ ಬಗ್ಗೆ ಮಾತ್ರ. ಅಣ್ಣನನ್ನು ಫೋನಿನಲ್ಲಿ ಅಲ್ಲ, ಊರಿಗೇ ಹೋಗಿ, ಗದ್ದೆಯಿಂದ ಬಂದು ಕಾಫಿ ಕುಡಿದ ಮೇಲೆ, ಅತ್ತಿಗೆ ಎದುರಿಲ್ಲದಾಗ. ಹೇಳಬೇಕಾದ್ದನ್ನು ಇಲ್ಲೇ ನಾಲ್ಕು ಸಲ ಆಡಿಸಿ ನೋಡಿದೆವು. ಮೊದಲ ಸಲ "ನೀವ್ಯಾವಾಗ್ಲೂ ಹಿಂಗೇಯ" ಎಂದೇ ಶುರುವಾಯಿತು. 'ಯಾವಾಗ್ಲೂ' ಅಂದ ಕೂಡಲೇ ಎದುರಿನವರು ಹಿಂದಿನ ಹತ್ತು ಉಪಕಾರ ಎಣಿಸತೊಡಗುತ್ತಾರೆ. ಕೊನೆಗೆ ನಿಂತದ್ದು ಇಷ್ಟು: "ಅಣ್ಣ, ಹಗ್ಗ ಎಳೆಯೋವಾಗ ನನ್ನ ಆ ಕಡೀಕ್ ಕಳಿಸ್ದಲ್ಲ, ಅದು ನಂಗೆ ನೋವಾಯ್ತು. ಅವ್ವನ್ನ ನೋಡ್ಕೊಳ್ಳೋಕೆ ನಾನು ಮನೆಯೋಳು, ಆಟಕ್ಕೆ ಬಂದೋಳು. ಮುಂದಿನ ಸಲ ನನ್ನ ಒಂದು ಮಾತು ಕೇಳಿ ಮಾಡು." ಇಷ್ಟಕ್ಕೆ ನಿಲ್ಲಿಸಬೇಕು. ಅಣ್ಣ "ತಮಾಷೆಗಂದೆ ಬುಡು" ಎಂದರೆ, "ಗೊತ್ತು, ಆದ್ರೂ ನೋವಾಯ್ತು" ಎಂಬುದೊಂದೇ ಉತ್ತರ.

ಜಮೀನಿನ ವಿಷಯದಲ್ಲಿ ನಮ್ಮದು ವಕೀಲಿಕೆಯಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿದೆ. ಆದರೆ ನೋಂದಣಿಯಾದ ಬಿಡುಗಡೆ ಪತ್ರ ಇದ್ದಾಗ ಪಾಲು ತಾನಾಗಿ ವಾಪಸ್ ಬರುವುದಿಲ್ಲ. ಪತ್ರ ರದ್ದತಿಯ ದಾವೆಗೆ, ರದ್ದತಿಗೆ ಕಾರಣವಾಗುವ ಸಂಗತಿ ತಿಳಿದ ದಿನದಿಂದ ಮೂರು ವರ್ಷದ ಗಡುವಿದೆ. ಪತ್ರದ ದೃಢೀಕೃತ ನಕಲು ತೆಗೆಸಿಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲು ತಿಳಿಸಿದೆವು. ಹೆಂಗಸರಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ. ವಕೀಲರ ಮಾತು ಕೇಳುವ ತನಕ ಅಣ್ಣನ ಮುಂದೆ ಈ ವಿಷಯ ಎತ್ತಬಾರದೆಂಬ ಷರತ್ತಿಗೆ ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು.

ಎರಡು ತಿಂಗಳಲ್ಲಿ ಐದು ಭೇಟಿ. ತಮ್ಮ ಮೊದಲ ಫೋನಿನಲ್ಲೇ "ಸಾರಿ ಅಕ್ಕ, ಊಟದ ಟೈಮು ಹೊಳೀಲೇ ಇಲ್ಲ" ಎಂದ. ಅಣ್ಣ ಒಪ್ಪಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ. ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಮಂಡಿಯ ಸ್ಕ್ಯಾನಿಂಗ್ ಖರ್ಚನ್ನು ಮಾತ್ರ ತಾನೇ ಕಟ್ಟಿದ. ಗೌರಿ ಹಬ್ಬಕ್ಕೆ ಬಾಗಿನವನ್ನು ಬೇರೆಯವರ ಕೈಲಿ ಕಳಿಸದೆ ತಾನೇ ಹೊತ್ತು ತಂದ. ನಿದ್ದೆ ಈಗ ನಾಲ್ಕೂವರೆವರೆಗೆ ಬರುತ್ತಿದೆ. ಪತ್ರದ ನಕಲು ಅಲ್ಮೇರಾದಲ್ಲಿದೆ, ವಕೀಲರನ್ನು ಇನ್ನೂ ಕಂಡಿಲ್ಲ.

ದಸರಾ ರಜೆಗೆ ಮತ್ತೆ ಎಲ್ಲರೂ ಸೇರುವ ಮಾತು ಗುಂಪಿನಲ್ಲಿ ಎದ್ದಿದೆ. ತಮ್ಮ ಅಕ್ಕನನ್ನು ಮತ್ತೆ ಸೇರಿಸಿಕೊಂಡು, ಮೂರು ಜಾಗದ ಹೆಸರು ಹಾಕಿ 'ಅಕ್ಕ, ನೀನು ನೋಡಿ ಹೇಳು' ಎಂದು ಬರೆದಿದ್ದಾನೆ. ಅದರ ಕೆಳಗೆ ಅಣ್ಣನದು ಒಂದೇ ಸಾಲು: 'ಅವ್ವನ ರೂಮು ಕೆಳಗೆ ಇರ್ಲಿ.'